ಕೊನೇ ಹಾಳೆ

ಗುಂಪು: ನಮ್ಮನೆ ಮಂದಿ

ಅಣ್ಣ: (ಫಾರ್ವರ್ಡ್ ಆದ ಚಿತ್ರ) “ದೊಡ್ಡ ಶಕ್ತಿಯ ಜೊತೆ ದೊಡ್ಡ ಹೊಣೆಯೂ ಬರುತ್ತೆ. – ಸಾಯುವ ಮುನ್ನ ಸ್ಪೈಡರ್‌ಮ್ಯಾನ್‌ಗೆ ಬೆನ್ ಅಂಕಲ್, 1962”

ಅಣ್ಣ: ನೋಡ್ರೋ! ಒಂದು ಕಾಮಿಕ್ಸ್ ಪುಸ್ತಕಕ್ಕೆ ಮೂರು ತಲೆ ಹಾಕ್ಕೊಂಡು ಓದ್ತಿದ್ವಲ್ಲ, ಅದೇ.

ನಾನು: ನೀವಿಬ್ಬರೂ ಸರಿಯಾಗಿ ಕೂರ್ತಿದ್ರಿ. ನಾನು ಎದುರಿಗೆ ಕೂತು ತಲೆಕೆಳಗಾಗಿ ಓದ್ತಿದ್ದೆ. ಇವತ್ತಿಗೂ ಎದುರಿಗಿರೋರ ಕಾಗದ ಓದೋಕೆ ಬರುತ್ತೆ.

ನಾನು: ಅದಿರ್ಲಿ, ಫಾರ್ವರ್ಡ್ ತಪ್ಪು ಅಣ್ಣ. 1962ರ ಕಥೇಲಿ ಬೆನ್ ಅಂಕಲ್ ಆ ಮಾತು ಹೇಳೋದೇ ಇಲ್ಲ.

ಅಣ್ಣ: ಶುರುವಾಯ್ತು ಇವನದು.

ಅಣ್ಣ: ಹೇಳ್ತಾನೆ ಕಣೋ. ಗುಂಡೇಟು ಬಿದ್ದಿರುತ್ತೆ, ನಮ್ಮ ಸ್ಪೈಡರ್‌ಮ್ಯಾನ್ ಪೀಟರ್ ಅವನ ತಲೇನ ತೊಡೆ ಮೇಲೆ ಇಟ್ಕೊಂಡಿರ್ತಾನೆ, ಆಗ ಕೆಮ್ಮುತ್ತಾ ಹೇಳ್ತಾನೆ. ಕಣ್ಣಾರೆ ಓದಿದೀನಿ.

ನಾನು: ನೀನು 2002ರ ಸಿನಿಮಾ ಬೆರೆಸ್ತಿದೀಯ. ಅದ್ರಲ್ಲೂ ಆ ಮಾತು ಬರೋದು ಕಾರಲ್ಲಿ ಕೂತಿದ್ದಾಗ. ಪುಸ್ತಕದಲ್ಲಿ ಅಂಕಲ್ ಸಾಯೋದನ್ನ ತೋರಿಸೋದೇ ಇಲ್ಲ. ಪೀಟರ್ ಮನೆಗೆ ಬರ್ತಾನೆ, ಹೊರಗೆ ಪೊಲೀಸ್ ಕಾರು, ಪೊಲೀಸಪ್ಪ ಸುದ್ದಿ ಹೇಳ್ತಾನೆ. ಮುಗೀತು.

ಚಿಕ್ಕಪ್ಪ: ಏನ್ರಪ್ಪಾ, ಬೆಳಿಗ್ಗೆ ಬೆಳಿಗ್ಗೆ ಸಾವಿನ ಸುದ್ದಿ? ಯಾರು ಹೋಗಿದ್ದು?

ಅಕ್ಕ: ಗಾಬರಿ ಬೇಡ ಚಿಕ್ಕಪ್ಪ. ಸ್ಪೈಡರ್‌ಮ್ಯಾನ್‌ನ ಅಂಕಲ್.

ಚಿಕ್ಕಪ್ಪ: ಓ, ಅವನಾ. ಅವನು ಹೋಗಿ ಎಷ್ಟೋ ವರ್ಷ ಆಯ್ತಲ್ಲ. ಆ ಹುಡುಗ ಕತ್ತಲಲ್ಲಿ ಒಬ್ಬನೇ ನಡ್ಕೊಂಡು ಹೋಗೋ ಚಿತ್ರ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಾನು: ಅದೇ ಚಿತ್ರ! ತಡೀರಿ, ಮರುಮುದ್ರಣ ನನ್ನ ಹತ್ರ ಇದೆ.

ನಾನು: (ಫೋಟೋ) ‘ಅಮೇಜಿಂಗ್ ಫ್ಯಾಂಟಸಿ’ 15ನೇ ಸಂಚಿಕೆ. ಸ್ಟ್ಯಾನ್ ಲೀ ಬರೆದಿದ್ದು, ಸ್ಟೀವ್ ಡಿಟ್ಕೊ ಚಿತ್ರ. 11 ಪುಟದ ಕಥೆ, ಇದು ಕೊನೇ ಚೌಕ, ಆ ಮಾತಿರೋದು ಇಲ್ಲೇ. ದೊಡ್ಡದು ಮಾಡಿ ನೋಡು. ಯಾರಾದ್ರೂ ಮಾತಾಡಿದ್ರೆ ಮಾತು ಬರೆದಿರೋ ಗುಳ್ಳೆಗೆ ಬಾಲ ಇರುತ್ತೆ, ಬಾಲ ಯಾರ ಬಾಯಿ ಕಡೆ ತಿರುಗಿದ್ಯೋ ಅವರ ಮಾತು ಅದು. ಇಲ್ಲಿ ಬಾಲ ಎಲ್ಲಿದೆ? ಇದು ಕಥೆ ಹೇಳೋನ ಮಾತು.

ಅಣ್ಣ: ಮರುಮುದ್ರಣದಲ್ಲಿ ಬದಲಾಯಿಸಿರ್ತಾರೆ.

ನಾನು: ಹಾಗೆಲ್ಲ ಯಾರು ಬದಲಾಯಿಸ್ತಾರೆ?

ಚಿಕ್ಕಪ್ಪ: ಬದಲಾಯಿಸ್ತಾರೆ ಮರಿ. ಹಲ್ಕ್ ಅನ್ನೋ ದೈತ್ಯನ ಮೊದಲ ಸಂಚಿಕೆ, ಅದೂ 1962ರದ್ದೇ, ಅದ್ರಲ್ಲಿ ಅವನು ಬೂದು ಬಣ್ಣ. ಮುದ್ರಣದಲ್ಲಿ ಬೂದು ಒಂದೊಂದು ಪುಟದಲ್ಲಿ ಒಂದೊಂದು ಥರ ಬಂತು ಅಂತ ಎರಡನೇದಕ್ಕೆ ಹಸಿರು ಮಾಡಿದ್ರು. ಆಮೇಲೆ ಮೊದಲನೇದನ್ನ ಮತ್ತೆ ಅಚ್ಚು ಹಾಕಿದಾಗ ಅಲ್ಲೂ ಹಸಿರು ಬಳಿದ್ರು, ಮೊದಲಿಂದ ಹಾಗೇ ಇದ್ದ ಹಾಗೆ. ಸೂಪರ್‌ಮ್ಯಾನ್ ಕೂಡ 1938ರಲ್ಲಿ ಹಾರ್ತಿರಲಿಲ್ಲ, ಬರೀ ಜಿಗೀತಿದ್ದ.

ಅಣ್ಣ: ಕೇಳ್ಕೋ! ಹಿರಿಯರು ಹೇಳ್ತಿದಾರೆ.

ನಾನು: ಬಣ್ಣದ ಮಾತೇ ಬೇರೆ. ಸರಿ ಅಣ್ಣ, ಒಂದೇ ಪ್ರಶ್ನೆ. ಪುಸ್ತಕದಲ್ಲಿ ಬಲೆ ಎಲ್ಲಿಂದ ಬರುತ್ತೆ?

ಅಣ್ಣ: ಮಣಿಕಟ್ಟಿಂದ.

ನಾನು: ಸಿಕ್ಕಿಬಿದ್ದೆ. ಅದೂ ಸಿನಿಮಾದ್ದೇ. ಪುಸ್ತಕದಲ್ಲಿ ಅವನೇ ಒಂದು ಸಾಧನ ತಯಾರಿಸಿ ಕೈಗೆ ಕಟ್ಕೋತಾನೆ.

ಅಣ್ಣ: ಕೈಗೆ ಕಟ್ಕೊಂಡ್ರೆ ಮಣಿಕಟ್ಟಿಂದ ಬಂದ ಹಾಗೇ ಅಲ್ವೇನೋ?

ಪುಟ್ಟಿ: ಅಪ್ಪ, ಸೋತೆ ಅಂತ ಒಪ್ಕೋ.

ಅಕ್ಕ: ಒಂದ್ನಿಮಿಷ ಇಬ್ರೂ ಸುಮ್ನಿರಿ. ನಮ್ಮ ಪುಸ್ತಕದಲ್ಲಿ ಕೊನೇ ಹಾಳೆ ಎಲ್ಲಿತ್ತು?

ಅಣ್ಣ: ಇತ್ತಲ್ಲ.

ಅಕ್ಕ: ಇರಲಿಲ್ಲ. ಪಿನ್ನಿಗೆ ಸಿಕ್ಕಿಕೊಂಡ ಒಂದು ಹರಕು ಚೂರಿತ್ತು, ಬೆರಳುಗುರಿನಷ್ಟು. ಕೆಂಪು ನೀಲಿ ಚುಕ್ಕೆ ಬಿಟ್ರೆ ಅದ್ರಲ್ಲಿ ಏನೂ ಕಾಣ್ತಿರಲಿಲ್ಲ. ಹರಿಯೋ ಮುಂಚೆ ಓದಿದ್ದೋಳು ನಾನೊಬ್ಬಳೇ. ದಿನಾ ರಾತ್ರಿ ‘ಕೊನೇಗೇನಾಯ್ತು ಅಕ್ಕ’ ಅಂತ ಪ್ರಾಣ ತಿಂತಿದ್ರಿ. ಆ ಮಾತು ಹೇಳಿದ್ರೆ ‘ಯಾರು ಹೇಳಿದ್ದು, ಯಾರು ಹೇಳಿದ್ದು’. ಯಾರೂ ಅಲ್ಲ ಕಣ್ರೋ, ಪುಸ್ತಕವೇ ಹೇಳುತ್ತೆ ಅಂದ್ರೆ ನೀನು ಅಳ್ತಿದ್ದೆ. ಅದಕ್ಕೆ ಅಂಕಲ್ ಬಾಯಿಗೆ ಹಾಕ್ದೆ.

ಅಣ್ಣ: ತೊಡೆ ಮೇಲೆ ತಲೆ?

ಅಕ್ಕ: ಅದೂ ನಾನೇ. ಒಂದು ಮಾತೂ ಆಡಿಸದೆ ಸಾಯಿಸೋಕೆ ಮನಸ್ಸಾಗಲಿಲ್ಲ. ಪೊಲೀಸಪ್ಪ ಸತ್ತ ಅಂದ್ನಲ್ಲ ಅಂತ ಕೇಳಿದ್ರಿ. ಅವನು ಸರಿಯಾಗಿ ನೋಡಿರಲಿಲ್ಲ, ಇನ್ನೂ ಉಸಿರಿತ್ತು ಅಂದೆ.

ಪುಟ್ಟಿ: ಅತ್ತೆ, ಸಿನಿಮಾದವರಿಗಿಂತ ಮುಂಚೆ ನೀವೇ!

ನಾನು: ಒಂದು ನಿಜ ಹೇಳ್ಬಿಡ್ತೀನಿ. ಮರುಮುದ್ರಣ ತಗೊಂಡ ದಿನ ಆ ತೊಡೆ ಚಿತ್ರಾನ ನಾನೂ ಹುಡುಕಿದ್ದೆ. ಎರಡು ಸಲ. ಹಾಳೆ ಅಂಟಿಕೊಂಡಿದ್ಯೇನೋ ಅಂತ ಉಗುರಲ್ಲಿ ಬಿಡಿಸಿ ಬೇರೆ ನೋಡಿದೆ.

ಅಣ್ಣ: ಮತ್ತೆ ಇಷ್ಟೊತ್ತು ಪಂಡಿತನ ಥರ ಬಾಲ ಗುಳ್ಳೆ ಅಂತ ಹಾರಾಡ್ತಿದ್ದೆ?

ಅಕ್ಕ: (ಧ್ವನಿ ಸಂದೇಶ, 0:09)

ಅಣ್ಣ: ಅಯ್ಯೋ, ಇದೇ ದನಿ. ಇದೇ ಕೆಮ್ಮು ಕಣೇ.

ಅಣ್ಣ: ಆದ್ರೂ ಹಾಳೆ ಹರಿದಿದ್ದು ತಮ್ಮನೇ. ಎಳೆದಾಡ್ತಿದ್ದೋನು ಅವನೇ.

ನಾನು: ನಾನಲ್ಲ ಅಂತ ಎಷ್ಟು ಸಲ ಹೇಳ್ಬೇಕು!

ಅಕ್ಕ: ಚಿಕ್ಕಪ್ಪ, ಒಂದು ಕೇಳ್ಲಾ? ಹಾಳೆನೇ ಇರಲಿಲ್ಲ, ಇವನಿನ್ನೂ ಫೋಟೋ ಹಾಕಿರಲಿಲ್ಲ. ಕತ್ತಲಲ್ಲಿ ನಡ್ಕೊಂಡು ಹೋಗೋ ಚಿತ್ರ ನಿಮ್ಮ ಕಣ್ಣಿಗೆ ಹೇಗೆ ಕಟ್ಟಿತು?

ಚಿಕ್ಕಪ್ಪ: ಫೋನ್ ಚಾರ್ಜ್ ಕಡಿಮೆ ಇದೆ.

ಪುಟ್ಟಿ: ಚಿಕ್ಕತಾತ!!

ಚಿಕ್ಕಪ್ಪ: ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ್ದೆ. ಈಗಲೂ ಇದೆ. ಬಿಡಿಸೋಕೆ ಹೋದ್ರೆ ಪುಡಿಯಾಗುತ್ತೆ, ಬೇಕಾದ್ರೆ ಫೋಟೋ ಕಳಿಸ್ತೀನಿ. ತಮ್ಮನಿಗೆ ಬೈಬೇಡ.