ದಾವಣಗೆರೆಯಲ್ಲಿ ನವೆಂಬರ್: ನಿಮಗೆ ಹಿಡಿಸಿದ್ದು ಏನು?

ಕೇಳಿದವರು: ಹೊಸದಾಗಿ ಊರಿಗೆ ಬಂದವಳು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಿಂದ ವರ್ಗವಾಗಿ ದಾವಣಗೆರೆಗೆ ಬಂದಿದ್ದೇನೆ. ಆಫೀಸು, ಮನೆ, ಮತ್ತೆ ಆಫೀಸು. ಬೆಣ್ಣೆ ದೋಸೆ ತಿಂದಾಯಿತು, ಗಾಜಿನ ಮನೆ ನೋಡಿಯಾಯಿತು. ಮುಂದೇನು ಅಂತ ತೋಚುತ್ತಿಲ್ಲ. ಈ ನವೆಂಬರ್‌ನಲ್ಲಿ ನೀವು ಉಟ್ಟಿದ್ದು, ತಿಂದಿದ್ದು, ನೋಡಿದ್ದರಲ್ಲಿ ಯಾವುದು ಖುಷಿ ಕೊಟ್ಟಿತು, ಹೇಳಿ. ದೊಡ್ಡ ಖರ್ಚಿನದು ಬೇಡ. ಇನ್ನೊಂದು ವಿಷಯ: ಫೆಬ್ರವರಿಯಲ್ಲಿ ತಂಗಿ ಮದುವೆ. ರೇಷ್ಮೆ ಸೀರೆಗೆ ಕಂಚಿಗೇ ಹೋಗಬೇಕಾ, ಈ ಕಡೆಯೇ ಏನಾದರೂ ಸಿಗುತ್ತದಾ?

ಪಿ.ಜೆ. ಬಡಾವಣೆಯ ಟೀಚರಮ್ಮ

ಕಂಚಿ ಯಾಕಮ್ಮಾ? ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲೇ ಮೊಳಕಾಲ್ಮೂರು ಇದೆ. ಅಲ್ಲಿನ ಸೀರೆಗೆ ಜಿಐ, ಅಂದರೆ ಆ ಊರಿನದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಆದರೆ ನಮ್ಮವರೇ ಮದುವೆ ಜವಳಿ ಅಂದ ಕೂಡಲೇ ಕಂಚಿ, ಧರ್ಮಾವರಂ ಅಂತ ಹೊರಡುತ್ತಾರೆ. ನನಗೆ ಇದು ಯಾವತ್ತೂ ಅರ್ಥವಾಗಿಲ್ಲ.

ಈ ತಿಂಗಳು ನಾನು ಅತಿ ಇಷ್ಟಪಟ್ಟು ಉಟ್ಟಿದ್ದು ಅಮ್ಮನ ಕಾಲದ ಮೊಳಕಾಲ್ಮೂರು ಸೀರೆ. ಎಲೆಹಸಿರು ಒಡಲು, ಕುಂಕುಮದ ಬಣ್ಣದ ದೊಡ್ಡ ಅಂಚು. ನಡುವೆ ಬೇರೆ ಯಾವ ಬಣ್ಣವೂ ಇಲ್ಲ, ಎರಡೂ ನೇರ ಎದುರುಬದುರು. ಈಗಿನ ಅಂಗಡಿಗಳಲ್ಲಿ ಎಲ್ಲವೂ ಮಾಸಿದ ಗುಲಾಬಿ, ಮಾಸಿದ ಬೂದಿ. ಅವುಗಳ ನಡುವೆ ಈ ಸೀರೆ ಉಟ್ಟು ಹೋದರೆ ಆರತಕ್ಷತೆಯಲ್ಲಿ ದೂರದಿಂದಲೇ ಗುರುತು ಹಿಡಿಯುತ್ತಾರೆ.

ಕೊಳ್ಳುವಾಗ ಅಂಚನ್ನು ಮಡಚಿ ಹಿಂಬದಿ ನೋಡಿ. ಕೈಮಗ್ಗದಲ್ಲಿ ಅಡ್ಡ ನೂಲು ಓಡಿಸುವ ಲಾಳಿ ಒಡಲಿಗೆ ಒಂದು, ಎರಡು ಅಂಚಿಗೆ ಎರಡು. ನೇಯುತ್ತಲೇ ಒಡಲನ್ನೂ ಅಂಚನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೂಡುವ ಗೆರೆ ಬೆರಳಿಗೆ ಸ್ವಲ್ಪ ಉಬ್ಬಾಗಿ ಸಿಗುತ್ತದೆ. ಆಮೇಲೆ ಅಂಚಿನ ಹೊರತುದಿಯನ್ನು ಬೆಳಕಿಗೆ ಹಿಡಿಯಿರಿ. ಉದ್ದಕ್ಕೂ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ತೂತು ಕಂಡರೆ ಒಳ್ಳೇದೇ. ನೇಯುವಾಗ ಬಟ್ಟೆ ಒಳಗೆ ಎಳೆದುಕೊಳ್ಳದಂತೆ ಅಗಲಕ್ಕೆ ಒಂದು ಕಡ್ಡಿ ಕೊಟ್ಟು ಬಿಗಿ ಹಿಡಿದಿರುತ್ತಾರೆ, ಅದರ ಮೊಳೆಯ ಗುರುತು ಅದು. ಅಂಗಡಿಯವರು ಇದನ್ನೇ ಡಿಫೆಕ್ಟ್ ಅಂತ ಹೇಳಿ ಪವರ್‌ಲೂಮ್ ಸೀರೆ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಸಿಲ್ಕ್ ಮಾರ್ಕ್ ಚೀಟಿ ಇದೆಯಾ ಅಂತ ಕೇಳಿ. ಆದರೆ ಅದು ರೇಷ್ಮೆ ಶುದ್ಧ ಅಂತ ಮಾತ್ರ ಹೇಳುತ್ತದೆ, ಕೈಮಗ್ಗದ್ದು ಅಂತ ಹೇಳುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು. ಜರಿ ಬೆಳ್ಳಿಯದಾ, ತಾಮ್ರದ ಎಳೆಯ ಟೆಸ್ಟೆಡ್ ಜರಿಯಾ ಅಂತಲೂ ಕೇಳಿ. ಬೆಲೆಯ ವ್ಯತ್ಯಾಸ ಹೆಚ್ಚಾಗಿ ಅಲ್ಲೇ ಇರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ದುಡ್ಡು ಕಡಿಮೆ ಇದ್ದಾಗ ಜರಿಯಲ್ಲಿ ಉಳಿಸಿ, ನೇಯ್ಗೆಯಲ್ಲಿ ಉಳಿಸಬೇಡಿ.

ಹಳೇ ದಾವಣಗೆರೆ ಹುಡುಗ

ಮೇಡಂ, "ಬೆಣ್ಣೆ ದೋಸೆ ತಿಂದಾಯಿತು" ಅಂದರೆ ಹೇಗೆ ರೀ? ಯಾವ ಹೊತ್ತಲ್ಲಿ ತಿಂದಿರಿ? ರಾತ್ರಿ ಕಾರಲ್ಲಿ ಕೂತು ಪಾರ್ಸೆಲ್ ಬಿಚ್ಚಿ ತಿಂದಿದ್ದರೆ ಅದು ಲೆಕ್ಕಕ್ಕಿಲ್ಲ. ಬೆಳಗ್ಗೆ ಸೌದೆ ಒಲೆಯ ಮೇಲೆ ಹಂಚು ಹದಕ್ಕೆ ಬಂದಿರುವ ಹೊತ್ತಿಗೆ ಹೋಗಿ. ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿಯನ್ನೂ ರುಬ್ಬಿ ಹಾಕುತ್ತಾರೆ. ಮೇಲೆ ಗರಿ ಗರಿ, ಒಳಗೆ ಮೆತ್ತಗೆ ಬರುವುದು ಅದಕ್ಕೇ. ಪಾರ್ಸೆಲ್ ಮಾಡಿದರೆ ಆ ಗರಿಯೇ ಹೋಗುತ್ತದೆ. ಮುಂದಿನ ಸಲ ಖಾಲಿ ದೋಸೆ ಹೇಳಿ. ಬೆಣ್ಣೆಯ ರುಚಿ ಅದರಲ್ಲಿ ಜಾಸ್ತಿ ಗೊತ್ತಾಗುತ್ತದೆ.

ಆದರೆ ನನ್ನ ಈ ತಿಂಗಳ ಆಯ್ಕೆ ದೋಸೆ ಅಲ್ಲ, ಮಂಡಕ್ಕಿ. ನಮ್ಮೂರಲ್ಲಿ ಮಂಡಕ್ಕಿ ಭಟ್ಟಿಗಳೇ ಒಂದು ಬಡಾವಣೆ ತುಂಬಾ ಇವೆ. ಭಟ್ಟಿಯಿಂದ ಬಂದ ದಿನವೇ ತಿನ್ನುವ ಮಂಡಕ್ಕಿ ಬೇರೆ, ಬೆಂಗಳೂರಿನ ಪ್ಯಾಕೆಟ್ ಬೇರೆ. ಸಂಜೆ ಚಳಿ ಶುರುವಾಗುವ ಹೊತ್ತಿಗೆ ಗಾಡಿ ಹತ್ತಿರ ನಿಂತು ನರ್ಗಿಸ್ ಮಂಡಕ್ಕಿ ಕೇಳಿ, ಜೊತೆಗೆ ಬಾಂಡ್ಲಿಯಿಂದ ಆಗಷ್ಟೇ ಎತ್ತಿದ ಮಿರ್ಚಿ. ಮಿರ್ಚಿ ಮುರಿದು ಮಂಡಕ್ಕಿ ಜೊತೆ ಕಲಸಿಕೊಂಡು ತಿನ್ನಬೇಕು. ಬೇರೆ ಬೇರೆ ತಿನ್ನುವವರೂ ಇದ್ದಾರೆ, ಅವರ ಕರ್ಮ.

ಹೊಸದುರ್ಗದ ಕಡೆಯವರು

ಸಂಸ್ಕೃತಿ ವಿಷಯಕ್ಕೆ ಬಂದರೆ ನನ್ನದು ಒಂದೇ ಉತ್ತರ: ಸಾಣೇಹಳ್ಳಿ. ಹೊಸದುರ್ಗ ತಾಲ್ಲೂಕಿನ ಸಣ್ಣ ಹಳ್ಳಿ. ಅಲ್ಲಿ ನವೆಂಬರ್ ಮೊದಲ ವಾರ ನಾಟಕೋತ್ಸವ ನಡೆಯುತ್ತದೆ. ಅಲ್ಲಿನ ಮಠದ ಶಿವಸಂಚಾರ ತಂಡ 1997ರಿಂದ ಊರೂರು ತಿರುಗಿ ನಾಟಕ ಆಡುತ್ತಾ ಬಂದಿದೆ. ಪ್ರತಿ ವರ್ಷ ಹೊಸ ನಾಟಕಗಳನ್ನು ಮೊದಲು ಸಾಣೇಹಳ್ಳಿಯಲ್ಲಿ ಆಡಿ, ಆಮೇಲೆ ಪ್ರವಾಸ ಹೊರಡುತ್ತಾರೆ.

ಬಯಲು ರಂಗಮಂದಿರ. ಅರ್ಧಚಂದ್ರಾಕಾರದಲ್ಲಿ ಕಲ್ಲಿನ ಮೆಟ್ಟಿಲು, ಅವೇ ಸೀಟು. ನಾಟಕಕ್ಕೆ ಮುಂಚೆ ವಚನ ಗಾಯನ ಇರುತ್ತದೆ, ಭಾಷಣಗಳೂ ಇರುತ್ತವೆ. ಭಾಷಣ ಕೆಲವು ಸಲ ಉದ್ದ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನನಗೆ ಇಷ್ಟ ಅಲ್ಲಿನ ಪ್ರೇಕ್ಷಕರು. ಹೊಲದಿಂದ ಬಂದವರು, ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡ ಹೆಂಗಸರು, ಶಾಲೆ ಹುಡುಗರು ಎಲ್ಲರೂ ಇರುತ್ತಾರೆ. ನಟ ಮಾತು ಮರೆತರೆ ಪಕ್ಕದ ಅಜ್ಜ "ಆ ಮುಂದಿಂದು ಹೇಳಪ್ಪಾ" ಅನ್ನುತ್ತಾನೆ. ಊರಿನ ಎಸಿ ಹಾಲ್‌ನಲ್ಲಿ ಇದು ಸಿಗುವುದಿಲ್ಲ.

ಕಲ್ಲು ಸಂಜೆಯಾದ ಮೇಲೆ ತಣ್ಣಗೆ ಕೊರೆಯುತ್ತದೆ. ಕೂರಲು ದಪ್ಪ ಬಟ್ಟೆ, ಹೊದೆಯಲು ಶಾಲು ಎರಡೂ ಬೇಕು. ರಾತ್ರಿ ವಾಪಸ್ ಬಸ್ ನಂಬಿ ಹೋಗಬೇಡಿ. ಆಫೀಸಿನ ನಾಲ್ಕು ಜನ ಸೇರಿ ಗಾಡಿ ಮಾಡಿಕೊಳ್ಳಿ. ಈ ವರ್ಷದ್ದು ತಪ್ಪಿತು, ಮುಂದಿನ ವರ್ಷಕ್ಕೆ ಈಗಲೇ ಬರೆದಿಟ್ಟುಕೊಳ್ಳಿ.

ಚಳ್ಳಕೆರೆ ಅಳಿಯ

ಶಾಲು ಯಾಕೆ? ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕರಿ ಕಂಬಳಿ ತಗೊಳ್ಳಿ. ನೂಲಿಗೆ ಹುಣಸೆ ಬೀಜದ ಗಂಜಿ ಕೊಟ್ಟು ನೇಯ್ದಿರುತ್ತಾರೆ, ಹೊಸದು ಚುಚ್ಚುತ್ತದೆ. ಒಳಗೊಂದು ಹಳೇ ಕಾಟನ್ ಸೀರೆ ಹೊದ್ದು ಮೇಲೆ ಕಂಬಳಿ ಹಾಕಿಕೊಂಡರೆ ಆಯಿತು. ಈ ತಿಂಗಳು ನಮ್ಮನೆಯಲ್ಲಿ ಜಗಳ ಆಗಿದ್ದೇ ಅದಕ್ಕೆ, ಒಂದೇ ಕಂಬಳಿ, ಮೂರು ಜನ.

ದುರ್ಗದ ವಾಕಿಂಗ್ ಗುಂಪು

ಚಿತ್ರದುರ್ಗಕ್ಕೆ ಬಂದರೆ ಎಲ್ಲರೂ ಸೀದಾ ಕೋಟೆಗೆ ಹೋಗುತ್ತಾರೆ. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಬಿಸಿಲೇರುವ ಮುಂಚೆ ಹತ್ತಿ ಇಳಿದುಬಿಡಿ. ಬಂಡೆ ಕಾದ ಮೇಲೆ ನವೆಂಬರ್ ಆದರೂ ಕಷ್ಟವೇ. ಇಳಿದ ಮೇಲೆ ಚಂದ್ರವಳ್ಳಿಗೆ ಬನ್ನಿ. ಮಳೆಗಾಲ ಮುಗಿದು ಕೆರೆಯಲ್ಲಿ ನೀರು ಇರುವ ಹೊತ್ತು ಇದು. ಕದಂಬರ ಮಯೂರವರ್ಮನ ಶಾಸನ ಇರುವುದು ಇಲ್ಲೇ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದಾಗ ಶಾತವಾಹನರ ನಾಣ್ಯ, ರೋಮನ್ ನಾಣ್ಯ ಎರಡೂ ಸಿಕ್ಕಿದ್ದವು. ಅಂಕಲಿ ಮಠದ ಗುಹೆಯೊಳಗೆ ಗೊತ್ತಿದ್ದವರ ಜೊತೆ, ಟಾರ್ಚ್ ಹಿಡಿದೇ ಹೋಗಿ. ವಾಪಸ್ ಬರುವಾಗ ಬುಟ್ಟಿಯಲ್ಲಿ ಸೀತಾಫಲ ಮಾರುವವರು ಸಿಕ್ಕರೆ ಬಿಡಬೇಡಿ. ಕಣ್ಣು ಬಿಟ್ಟಿರುವ ಗಟ್ಟಿ ಕಾಯಿ ಆರಿಸಿ, ಮನೆಯಲ್ಲಿ ಹಣ್ಣಾಗುತ್ತದೆ.

ಹರಿಹರದಿಂದ ಓಡಾಡುವವಳು

ನನ್ನದು ಚಿಕ್ಕದು. ರೈಲಿಳಿದು ಮನೆಗೆ ಹೋಗುವ ಮುಂಚೆ ಒಂದು ಮಾರು ಸೇವಂತಿಗೆ ಕೊಳ್ಳುವುದು. ಈ ತಿಂಗಳು ಅದು ಧಾರಾಳ. ರಜೆ ಇದ್ದ ದಿನ ಹರಿಹರೇಶ್ವರ ಗುಡಿಯಲ್ಲಿ ಸುಮ್ನೆ ಕೂರುವುದು. 1224ರ ಹೊಯ್ಸಳರ ಗುಡಿ ಅದು. ಕಂಬಗಳಿಗೆ ಎಷ್ಟು ನುಣುಪು ಕೊಟ್ಟಿದ್ದಾರೆ ಅಂದರೆ ಎದುರು ನಿಂತವರ ನೆರಳು ಮೂಡುತ್ತದೆ. ಕಾರ್ತಿಕದಲ್ಲಿ ದೀಪ ಹಚ್ಚಲು ಬರುವವರು ಜಾಸ್ತಿ, ಹಾಗಾಗಿ ಸೋಮವಾರ ಬಿಟ್ಟು ಬನ್ನಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಬೆಳಗ್ಗೆ ಖಾಲಿ ದೋಸೆ, ಆಮೇಲೆ ಚಂದ್ರವಳ್ಳಿ ಅಂತ ಇಟ್ಟುಕೊಂಡಿದ್ದೇನೆ. ಟೀಚರಮ್ಮಾ, ಮೊಳಕಾಲ್ಮೂರಿಗೆ ಡಿಸೆಂಬರ್ ಕೊನೆಗೆ ಹೋದರೆ ಸಾಕಾ?

ಪಿ.ಜೆ. ಬಡಾವಣೆಯ ಟೀಚರಮ್ಮ

ತಡವಾಗುತ್ತದಮ್ಮಾ. ತುಳಸಿ ಹಬ್ಬ ಮುಗಿದ ಕೂಡಲೇ ಮದುವೆಗಳು ಶುರು, ಟೈಲರ್ ಕೈಗೆ ಸಿಗುವುದಿಲ್ಲ. ಕುಚ್ಚು ಹಾಕುವವರೂ ಅಷ್ಟೇ. ಈ ತಿಂಗಳೇ ಸೀರೆ ತಂದು, ಫಾಲ್ಸ್, ಕುಚ್ಚು ಎರಡಕ್ಕೂ ಕೊಟ್ಟುಬಿಡಿ. ರವಿಕೆ ತುಂಡು ಕತ್ತರಿಸುವ ಮುಂಚೆ ಯೋಚಿಸಿ: ಅಂಚಿನ ಬಣ್ಣದ ಗುಳೇದಗುಡ್ಡ ಖಣದಲ್ಲಿ ರವಿಕೆ ಹೊಲಿಸಿದರೆ ಇನ್ನೂ ಚೆನ್ನ. ಸೀರೆ ಮನೆಗೆ ಬಂದ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ಹಳೇ ಕಾಟನ್ ಪಂಚೆಯಲ್ಲಿ ಸುತ್ತಿ. ನುಸಿ ಗುಳಿಗೆ ಜರಿಗೆ ತಾಗಬಾರದು.