ಅಂಗಡಿಯ ‘ರೆಟ್ರೋ’ ಫ್ರಾಕನ್ನು ಹತ್ತಿಬಟ್ಟೆಯಲ್ಲಿ ಮನೆಯಲ್ಲೇ ಹೊಲಿಯುವುದು ಹೇಗೆ?

ಶಿವಮೊಗ್ಗದ ಸೂಜಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. 1950ರ ದಶಕದ ಶೈಲಿ ಎಂದು ಹೇಳಿ ಈಗ ಮಾಲ್‌ಗಳಲ್ಲಿ ಮಾರುತ್ತಿರುವ ಫ್ರಾಕುಗಳನ್ನು ನೀವು ನೋಡಿರುತ್ತೀರಿ. ಕಡುನೀಲಿ ಬಟ್ಟೆಯ ಮೇಲೆ ಬಿಳಿ ಚುಕ್ಕಿ, ಹೆಗಲಿನಿಂದ ಹೆಗಲಿಗೆ ಅಗಲವಾಗಿ ತೆರೆದ ಬೋಟ್ ನೆಕ್ ಕೊರಳು, ಸೊಂಟದವರೆಗೆ ಮೈಗೆ ಹೊಂದಿಕೊಂಡ ಮೇಲ್ಭಾಗ, ಅಲ್ಲಿಂದ ಮೊಣಕಾಲು ದಾಟುವವರೆಗೆ ಅಗಲವಾಗಿ ಹರಡುವ ಲಂಗ. ಅಂಥದೊಂದು ನನ್ನ ಬಳಿಯೂ ಇದೆ. ನೋಡಲು ಚೆಂದವೇ, ಆದರೆ ಬಟ್ಟೆ ಪಾಲಿಯೆಸ್ಟರ್ ಆದ್ದರಿಂದ ಬೇಸಿಗೆಯಲ್ಲಿ ತೊಡುವಂತಿಲ್ಲ, ಎದೆಯ ಬಳಿ ಬಿಗಿಯಾಗಿಯೂ ಹೆಗಲಲ್ಲಿ ಸಡಿಲವಾಗಿಯೂ ಇದೆ, ಲಂಗವಂತೂ ಫೋಟೋದಲ್ಲಿ ಕಂಡ ಅರ್ಧದಷ್ಟೂ ಹರಡುವುದಿಲ್ಲ.

ಇದೇ ಮಾದರಿಯನ್ನು ಹತ್ತಿಬಟ್ಟೆಯಲ್ಲಿ ನಾನೇ ಹೊಲಿದುಕೊಳ್ಳಬೇಕೆಂದಿದ್ದೇನೆ. ಲೈನಿಂಗ್ ಇರುವ ಸೀರೆ ಬ್ಲೌಸು ಮತ್ತು ಚೂಡಿದಾರ ಹೊಲಿಯಲು ಬರುತ್ತದೆ, ದೊಡ್ಡವರ ಫ್ರಾಕು ಮಾತ್ರ ಹೊಲಿದವಳಲ್ಲ. ಕೊಂಡ ಉಡುಪಿನ ಹೊಲಿಗೆ ಬಿಚ್ಚದೆ ಅದರ ಅಳತೆಯನ್ನು ಕಾಗದಕ್ಕೆ ಇಳಿಸುವುದು ಹೇಗೆ? ನನ್ನ ಸೊಂಟದ ಸುತ್ತಳತೆ 30 ಇಂಚು, ಲಂಗದ ಉದ್ದ 27 ಇಂಚು ಬೇಕು. 44 ಇಂಚು ಪನ್ನದ (ಅಗಲದ) ಬಟ್ಟೆಯಾದರೆ ಎಷ್ಟು ಮೀಟರು ಹಿಡಿದೀತು? ಅಂಗಡಿಯವರ ಮಾದರಿಯನ್ನು ನೋಡಿ ಹೊಲಿಯುವುದು ತಪ್ಪೇ ಎಂಬುದನ್ನೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಹಳೆಯ ಟೇಪು:

ತಂಗಿ, ಮೊದಲು ಆ ಫ್ರಾಕಿನ ಅಳತೆಯನ್ನು ಕಾಗದಕ್ಕೆ ಇಳಿಸುವ ಯೋಚನೆಯನ್ನೇ ಬಿಡಿ. ಎದೆಯಲ್ಲಿ ಬಿಗಿಯಾಗಿ ಹೆಗಲಲ್ಲಿ ಸಡಿಲವಾಗಿರುವ ಉಡುಪನ್ನು ಎಷ್ಟು ನಿಷ್ಠೆಯಿಂದ ನಕಲು ಮಾಡಿದರೂ ಎದೆಯಲ್ಲಿ ಬಿಗಿಯಾಗಿ ಹೆಗಲಲ್ಲಿ ಸಡಿಲವಾಗಿರುವ ಇನ್ನೊಂದು ಉಡುಪು ಸಿಗುತ್ತದೆಯೇ ಹೊರತು ಬೇರೇನೂ ಅಲ್ಲ. ನಿಮ್ಮ ಮೈಗೆ ಕರಾರುವಾಕ್ಕಾಗಿ ಕೂರುವ ಅಳತೆ ನಿಮ್ಮ ಬೀರುವಿನಲ್ಲೇ ಇದೆ. ಅದು ನಿಮ್ಮ ಸೀರೆ ಬ್ಲೌಸು. ಐವತ್ತರ ದಶಕದ ಫ್ರಾಕಿನ ಮೇಲ್ಭಾಗವೆಂದರೆ ಹೆಚ್ಚುಕಡಿಮೆ ಸೊಂಟದವರೆಗೆ ಇಳಿಸಿದ ಬ್ಲೌಸೇ. ಎರಡರಲ್ಲಿಯೂ ಎದೆಯ ತುಂಬನ್ನು ಹಿಡಿಸುವುದು ಬಟ್ಟೆಯನ್ನು ಮೊನಚಾಗಿ ಮಡಿಸಿ ಹೊಲಿಯುವ ಟಕ್ಸ್‌ಗಳೇ, ಸ್ಟ್ರೆಚ್ ಆಗುವ ಬಟ್ಟೆಯಲ್ಲ. ಅಂಗಡಿಯ ಉಡುಪುಗಳಲ್ಲಿ ಟಕ್ಸ್ ಕಡಿಮೆ ಮಾಡಿ ಬಟ್ಟೆಗೆ ಸ್ವಲ್ಪ ಎಲಾಸ್ಟಿಕ್ ನೂಲು ಸೇರಿಸಿದರೆ ಒಂದೇ ಸೈಜು ಹಲವರಿಗೆ ಹಿಡಿಯುತ್ತದೆ. ಆದರೆ ಯಾರಿಗೂ ಸರಿಯಾಗಿ ಕೂರುವುದಿಲ್ಲ.

ನಿಮ್ಮ ನಾಲ್ಕು ಟಕ್ಸ್ ಬ್ಲೌಸಿನ ಕಾಗದದ ಕಟಿಂಗ್ ತೆಗೆದುಕೊಳ್ಳಿ. ಸೊಂಟಕ್ಕೆ ಒಂದು ಲಾಡಿಯನ್ನು ಕಟ್ಟಿ ಒಂದೆರಡು ಸಲ ಅಕ್ಕಪಕ್ಕಕ್ಕೆ ಬಾಗಿದರೆ ಅದು ತಾನಾಗಿ ಸೊಂಟದ ನಿಜವಾದ ಜಾಗಕ್ಕೆ ಬಂದು ನಿಲ್ಲುತ್ತದೆ. ಹೆಗಲಿನಿಂದ ಎದೆಯ ಮೇಲೆ ಹಾದು ಆ ಲಾಡಿಯವರೆಗಿನ ಅಳತೆಯನ್ನೂ, ಬೆನ್ನಿನ ಅಳತೆಯನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಿ. ಮುಂಭಾಗ ಯಾವಾಗಲೂ ಉದ್ದ ಬರುತ್ತದೆ. ಆ ಉದ್ದಕ್ಕೆ ಕಾಗದವನ್ನು ಕೆಳಗೆ ಬೆಳೆಸಿ, ಬ್ಲೌಸಿನ ಕೆಳಗಿನ ಟಕ್ಸನ್ನು ಅದೇ ಗೆರೆಯಲ್ಲಿ ಸೊಂಟದವರೆಗೆ ಎಳೆಯಿರಿ. ಕೆಳಗೆ ಹೋದಂತೆ ಮೈ ಸಣ್ಣದಾಗುವುದರಿಂದ ಟಕ್ಸ್ ಅಗಲವಾಗುತ್ತದೆ, ಹೆದರಬೇಡಿ. ಬ್ಲೌಸಿನಷ್ಟೇ ಬಿಗಿಯಾಗಿ ಫ್ರಾಕನ್ನು ಇಟ್ಟರೆ ಕೈ ಎತ್ತಿದಾಗ ಲಂಗವೂ ಮೇಲೇರುತ್ತದೆ. ಆದ್ದರಿಂದ ಎದೆಯ ಸುತ್ತಳತೆಗೆ 2 ಇಂಚು, ಸೊಂಟಕ್ಕೆ 1 ಇಂಚು ಸಡಿಲ ಕೊಡಿ.

ಇನ್ನು ಉಳಿದದ್ದು ಹುಕ್ಕಿನ ಪಟ್ಟಿ. ಅದರ ಮಾರ್ಜಿನ್ (ಹೊಲಿಗೆಗೆಂದು ಬಿಡುವ ಹೆಚ್ಚುವರಿ ಬಟ್ಟೆ) ತೆಗೆದು ಹಾಕಿ ಮುಂಭಾಗವನ್ನು ಮಡಿಕೆಯ ಮೇಲಿಟ್ಟು ಒಂದೇ ತುಂಡಾಗಿ ಕತ್ತರಿಸಿ, ಜಿಪ್ಪನ್ನು ಎಡ ಪಕ್ಕದ ಹೊಲಿಗೆಯಲ್ಲಿ ಕಂಕುಳ ಕೆಳಗಿನಿಂದ ಸೊಂಟ ದಾಟಿ ನಾಲ್ಕೈದು ಇಂಚಿನವರೆಗೆ ಇಳಿಸಿ. ಆದರೆ ಜಿಪ್ಪು ಪಕ್ಕದಲ್ಲಿದ್ದರೆ ಉಡುಪು ತಲೆಯ ಮೇಲಿನಿಂದಲೇ ಇಳಿಯಬೇಕು. ಕೊರಳಿನ ಸುತ್ತಳತೆ ತಲೆಯ ಸುತ್ತಳತೆಗಿಂತ ಕಡಿಮೆಯಾದರೆ ಬೆನ್ನಿನ ಜಿಪ್ಪೇ ಲೇಸು. ಒಳ್ಳೆಯ ಬಟ್ಟೆಗೆ ಕತ್ತರಿ ಹಾಕುವ ಮುನ್ನ ಹಳೆಯ ಬೆಡ್‌ಶೀಟಿನಲ್ಲಿ ಮೇಲ್ಭಾಗವನ್ನಷ್ಟೇ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡುವುದನ್ನು ತಪ್ಪಿಸಬೇಡಿ.

ಕೊಂಡ ಫ್ರಾಕಿನಿಂದ ತೆಗೆದುಕೊಳ್ಳಬೇಕಾದದ್ದು ಕೊರಳಿನ ಆಕಾರ ಒಂದೇ. ಥರ್ಮಕೋಲ್ ಹಾಳೆಯ ಮೇಲೆ ಕಾಗದ, ಅದರ ಮೇಲೆ ಉಡುಪನ್ನು ಸುಕ್ಕಿಲ್ಲದಂತೆ ಹರಡಿ, ಕೊರಳಿನ ಅಂಚಿನ ಉದ್ದಕ್ಕೂ ಅರ್ಧ ಇಂಚಿಗೊಂದು ಗುಂಡುಸೂಜಿಯನ್ನು ನೇರವಾಗಿ ಚುಚ್ಚುತ್ತಾ ಹೋಗಿ. ಕಾಗದದಲ್ಲಿ ಮೂಡಿದ ತೂತುಗಳನ್ನು ಪೆನ್ಸಿಲಿನಿಂದ ಸೇರಿಸಿದರೆ ಕೊರಳು ಸಿಗುತ್ತದೆ. ಒಂದು ಹೊಲಿಗೆಯನ್ನೂ ಬಿಚ್ಚಬೇಕಿಲ್ಲ.

ಬಾಬಿನ್:

ಟೇಪು ಅಕ್ಕನವರು ಮೇಲ್ಭಾಗವನ್ನು ಹೇಳಿದ್ದಾರೆ, ಲಂಗದ ಲೆಕ್ಕವನ್ನು ನಾನು ಹೇಳುತ್ತೇನೆ.

ಮೊದಲು ನಿಮ್ಮಲ್ಲಿರುವ ಫ್ರಾಕಿನ ಕೆಳ ಅಂಚನ್ನು ಸುತ್ತಲೂ ಅಳೆಯಿರಿ. ನಿಮ್ಮ ಸೊಂಟಕ್ಕೆ, ನಿಮ್ಮ ಉದ್ದಕ್ಕೆ ಪೂರ್ತಿ ವೃತ್ತದ ಲಂಗವಾದರೆ ಅಂಚು ಸುಮಾರು 200 ಇಂಚು ಇರಬೇಕು. ಅರ್ಧವೃತ್ತದ್ದಾದರೆ ಸುಮಾರು 115 ಇಂಚು. ನಿಮ್ಮದು ಎರಡನೆಯದೇ ಇರಬೇಕೆಂದು ನನ್ನ ಅಂದಾಜು, ಏಕೆಂದರೆ ಅರ್ಧವೃತ್ತಕ್ಕೆ ಎರಡು ಮೀಟರಿಗಿಂತ ಕಡಿಮೆ ಬಟ್ಟೆ ಸಾಕು. ಫೋಟೋದ ಹರವು ಬಹುಶಃ ಲಂಗ ಉಬ್ಬಿ ನಿಲ್ಲಲೆಂದು ಒಳಗೆ ತೊಡಿಸಿದ ಗಡುಸು ಬಲೆಬಟ್ಟೆಯ ಕ್ಯಾನ್‌ಕ್ಯಾನಿನದು.

ಪೂರ್ತಿ ವೃತ್ತಕ್ಕೆ ಸೊಂಟದ ಸುತ್ತಳತೆಯನ್ನು 6.28ರಿಂದ (ಪೈ, ಅಂದರೆ 3.14ರ ಎರಡರಷ್ಟು) ಭಾಗಿಸಬೇಕು. 30ನ್ನು ಭಾಗಿಸಿದರೆ 4.77, ಅಂದರೆ ಸುಮಾರು ನಾಲ್ಕೂ ಮುಕ್ಕಾಲು ಇಂಚಿನ ತ್ರಿಜ್ಯ. ಮಾರ್ಜಿನ್ನನ್ನು ಎಲ್ಲಿ ಸೇರಿಸುವುದು ಎಂದು ಹಲವರು ಗೊಂದಲಕ್ಕೆ ಬೀಳುತ್ತಾರೆ. ಇಲ್ಲಿ ಸೇರಿಸುವುದೇ ಬೇಡ. ಕತ್ತರಿಸಿದ ಅಂಚಿನಿಂದ ಅರ್ಧ ಇಂಚು ಒಳಗೆ ಹೊಲಿಗೆ ಬರುವುದರಿಂದ ಹೊಲಿಗೆಯ ಗೆರೆಯ ತ್ರಿಜ್ಯ 5.25 ಇಂಚಾಗಿ ಸುತ್ತಳತೆ 33 ಇಂಚಿಗೆ ಏರುತ್ತದೆ, ಎರಡು ಪಕ್ಕದ ಹೊಲಿಗೆಗಳು ಅದರಲ್ಲಿ 2 ಇಂಚನ್ನು ತಿನ್ನುತ್ತವೆ, ಉಳಿಯುವುದು 31 ಇಂಚು. ಅಕ್ಕನವರು ಸೊಂಟಕ್ಕೆ ಹೇಳಿದ ಸಡಿಲವೂ ಅಷ್ಟೇ ಆಗಿರುವುದರಿಂದ ಮೇಲ್ಭಾಗ ಮತ್ತು ಲಂಗ ಸರಿಯಾಗಿ ಕೂಡುತ್ತವೆ.

ತ್ರಿಜ್ಯಕ್ಕೆ ಉದ್ದದ 27 ಇಂಚು, ಮೇಲಿನ ಹೊಲಿಗೆಗೆ ಮತ್ತು ಕೆಳಗಿನ ಹೆಮ್ಮಿಂಗಿಗೆ ತಲಾ ಅರ್ಧ ಇಂಚು ಸೇರಿಸಿದರೆ 33 ಇಂಚಿಗೆ ಹತ್ತಿರ. ಬಟ್ಟೆಯ ಅಂಚಿಗೆ ಟೇಪಿನ ತುದಿಯನ್ನು ಪಿನ್ನಿನಿಂದ ಚುಚ್ಚಿ, ಇನ್ನೊಂದು ತುದಿಯಲ್ಲಿ ಸೀಮೆಸುಣ್ಣ ಹಿಡಿದು ಕೈವಾರ ತಿರುಗಿಸುವಂತೆ ಎರಡು ಅರ್ಧವೃತ್ತಗಳನ್ನು ಒಂದರ ಪಕ್ಕ ಒಂದು ಎಳೆಯಿರಿ. ಒಂದಕ್ಕೆ 66 ಇಂಚು, ಎರಡಕ್ಕೆ 132 ಇಂಚು, ಅಂದರೆ ಸುಮಾರು 3.4 ಮೀಟರು. 44 ಇಂಚಿನ ಪನ್ನದಲ್ಲಿ ಉದ್ದಕ್ಕೂ 11 ಇಂಚಿನ ಪಟ್ಟಿ ಉಳಿಯುತ್ತದೆ. ಬೆಲ್ಟು, ಕೊರಳಿನ ಒಳಪಟ್ಟಿ, ಗಿಡ್ಡ ತೋಳು ಎಲ್ಲವೂ ಅದರಲ್ಲೇ ಆಗುತ್ತವೆ. ಮೇಲ್ಭಾಗಕ್ಕೆ ಒಂದು ಮೀಟರು ಸೇರಿಸಿ, ಒಗೆದರೆ ಕುಗ್ಗುವ ಬಟ್ಟೆಯೆಂದು ಸ್ವಲ್ಪ ಜಾಸ್ತಿ ಹಿಡಿದು, 5 ಮೀಟರು ತನ್ನಿ. ತಂದ ದಿನವೇ ನೀರಿನಲ್ಲಿ ನೆನೆಸಿ ಒಣಗಿಸಿ. ಹೊಸ ಹತ್ತಿ ಮೀಟರಿಗೆ ಒಂದೆರಡು ಇಂಚು ಕುಗ್ಗುವುದುಂಟು.

ವೃತ್ತಾಕಾರದಲ್ಲಿ ಕತ್ತರಿಸಿದ ಬಟ್ಟೆಯ ಕೆಲವು ಭಾಗ ನೇರ ಎಳೆಯ ಮೇಲೆ, ಕೆಲವು ಭಾಗ ಓರೆಯಾಗಿ ಬರುತ್ತದೆ. ಓರೆ ಬಂದ ಕಡೆ ಬಟ್ಟೆ ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಆದ್ದರಿಂದ ಕತ್ತರಿಸಿದ ಕೂಡಲೇ ಸೊಂಟದ ಅಂಚಿನಲ್ಲಿ ಒಂದು ಸಾದಾ ಹೊಲಿಗೆ ಓಡಿಸಿ ಅದನ್ನು ಹಿಗ್ಗದಂತೆ ಹಿಡಿದಿಡಬೇಕು. ಲಂಗವನ್ನು ಮೇಲ್ಭಾಗಕ್ಕೆ ಸೇರಿಸಿದ ಮೇಲೆ ಇಡೀ ಫ್ರಾಕನ್ನು ಒಂದು ಹಗಲು ಒಂದು ರಾತ್ರಿ ಹ್ಯಾಂಗರಿಗೆ ತೂಗುಹಾಕಬೇಕು. ಅನಂತರ ಅದನ್ನು ತೊಟ್ಟು ನಿಂತು, ನೆಲದಿಂದ ಕೋಲಿನ ಅಳತೆಯಲ್ಲಿ ಯಾರಿಂದಲಾದರೂ ಸುತ್ತಲೂ ಗುರುತು ಹಾಕಿಸಿಕೊಂಡು, ಹೆಚ್ಚಿದ್ದನ್ನು ಕತ್ತರಿಸಿ, ಸಣ್ಣ ಮಡಿಕೆಯ ಹೆಮ್ಮಿಂಗ್ ಮಾಡಿ. ದಪ್ಪ ಮಡಿಕೆ ದುಂಡು ಅಂಚಿನಲ್ಲಿ ಸುಕ್ಕುಗಟ್ಟುತ್ತದೆ.

ಲೆಸ್ಟರ್ ಕನ್ನಡತಿ:

ಇಲ್ಲಿ ಇಂಗ್ಲೆಂಡಿನಲ್ಲಿ ಹಳೆಯ ಉಡುಪುಗಳನ್ನೇ ಮಾರುವ ಅಂಗಡಿಗಳಲ್ಲಿ ಆ ಕಾಲದ ನಿಜವಾದ ಫ್ರಾಕುಗಳನ್ನು ಒಳಹೊರಗೆ ತಿರುವಿ ನೋಡುವ ಅವಕಾಶ ನನಗಿದೆ. ಈಗಿನ ‘ರೆಟ್ರೋ’ ಉಡುಪುಗಳು ಹೊರಗಿನ ಚುಕ್ಕಿಯನ್ನು ಉಳಿಸಿಕೊಂಡು ಒಳಗಿನ ಕೆಲಸವನ್ನು ಬಿಟ್ಟಿವೆ ಎಂಬುದು ನನ್ನ ಅಭಿಪ್ರಾಯ. ಹಳೆಯವುಗಳಲ್ಲಿ ಅಕ್ಕ ಹೇಳಿದಂತೆ ಎಡ ಪಕ್ಕದಲ್ಲಿ ಲೋಹದ ಜಿಪ್ಪು, ಮುಂದೆಂದಾದರೂ ಬಿಚ್ಚಿ ದೊಡ್ಡದು ಮಾಡಿಕೊಳ್ಳಲು ಅಗಲವಾದ ಮಾರ್ಜಿನ್, ಸೊಂಟದ ಹೊಲಿಗೆ ಹಿಗ್ಗದಂತೆ ಒಳಗೆ ಕೂರಿಸಿದ ಟೇಪು ಕಾಣಸಿಗುತ್ತವೆ. ಕೊನೆಯದನ್ನು ನೀವು ಖಂಡಿತ ಮಾಡಿ. ಮೂರು ಮೀಟರು ಬಟ್ಟೆಯ ಭಾರ ಆ ಒಂದು ಹೊಲಿಗೆಯ ಮೇಲೆ ಬೀಳುತ್ತದೆ. 31 ಇಂಚಿನ ಹತ್ತಿಯ ಟೇಪನ್ನು ಅದರ ಮಾರ್ಜಿನ್ನಿಗೆ ಹೊಲಿದುಬಿಟ್ಟರೆ ಸೊಂಟ ವರ್ಷಗಳವರೆಗೆ ಕದಲುವುದಿಲ್ಲ.

ಈ ಹರವಿಗೆ ಒಂದು ಹಿನ್ನೆಲೆಯೂ ಇದೆ. ಯುದ್ಧಕಾಲದಲ್ಲಿ ಆರಂಭವಾಗಿ, 1941ರ ಜೂನ್‌ನಿಂದ 1949ರ ಮಾರ್ಚ್‌ವರೆಗೆ, ಬ್ರಿಟನ್ನಿನಲ್ಲಿ ಬಟ್ಟೆಗೆ ರೇಷನ್ ಇತ್ತು. ಪ್ಯಾರಿಸ್ಸಿನಲ್ಲಿ ಉಡುಪಿನ ವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ 1947ರ ಫೆಬ್ರವರಿ 12ರಂದು ಬಿಗಿ ಸೊಂಟದ, ಧಾರಾಳ ಲಂಗದ ಉಡುಪುಗಳನ್ನು ತೋರಿಸಿದಾಗ ಕೆಲವರಿಗೆ ಅದು ಬೆರಗಾಗಿಯೂ ಕೆಲವರಿಗೆ ದುಂದಾಗಿಯೂ ಕಂಡಿತು. ಅದೇ ವರ್ಷ ಅಮೆರಿಕದಲ್ಲಿ ಜೂಲಿ ಲಿನ್ ಶಾರ್ಲೋ ಎಂಬ ಗಾಯಕಿ ಕ್ರಿಸ್ಮಸ್ ಕೂಟಕ್ಕೆಂದು ಫೆಲ್ಟ್ (ನೇಯದೆ, ಉಣ್ಣೆಯನ್ನು ಒತ್ತಿ ಮಾಡಿದ) ಬಟ್ಟೆಯನ್ನು ವೃತ್ತಾಕಾರದಲ್ಲಿ ಕತ್ತರಿಸಿ ಲಂಗ ಮಾಡಿಕೊಂಡರು. ಅವರಿಗೆ ಹೊಲಿಗೆಯೇ ಬರುತ್ತಿರಲಿಲ್ಲ. ಫೆಲ್ಟಿನ ಅಂಚು ಎಳೆ ಬಿಡುವುದಿಲ್ಲವಾದ್ದರಿಂದ ಹೆಮ್ಮಿಂಗೂ ಬೇಕಾಗಲಿಲ್ಲ. ಮುಂದೆ ಪೂಡಲ್ ನಾಯಿಯ ಚಿತ್ರ ಅಂಟಿಸಿದ ಅಂಥ ಲಂಗಗಳು ಆ ದಶಕದ ಗುರುತೇ ಆಗಿಬಿಟ್ಟವು.

ಕಟಿಂಗನ್ನು ನೀವೇ ಬರೆಯುವುದು ಬೇಡವೆನಿಸಿದರೆ, ಕಾಗದದ ಕಟಿಂಗುಗಳನ್ನು ಮಾರುವ ಬಟರಿಕ್ ಕಂಪನಿ 1952ರಲ್ಲಿ ತಂದ ‘ವಾಕ್ ಅವೇ’ ಫ್ರಾಕಿನ ಮಾದರಿ ಮರುಮುದ್ರಣವಾಗಿದೆ. ಬೆಳಗಿನ ತಿಂಡಿಯ ಹೊತ್ತಿಗೆ ಆರಂಭಿಸಿ ಮಧ್ಯಾಹ್ನದ ಊಟಕ್ಕೆ ತೊಟ್ಟು ಹೋಗಬಹುದೆಂಬುದು ಅದರ ಹೆಗ್ಗಳಿಕೆ. ಹೊಲಿಯುವುದು ಸುಲಭವೇ, ಆದರೆ ಅಗಲ ಲಂಗವೆಲ್ಲ ಬೆನ್ನಿನ ತುಂಡಿಗೇ ಸೇರಿರುವುದರಿಂದ ಕೊರಳು ಹಿಂದಕ್ಕೆ ಎಳೆಯುತ್ತದೆ ಎಂಬ ದೂರು ಬಹಳ. ನಿಮಗೆ ನಾನು ಅದನ್ನು ಹೇಳಲಾರೆ. ಹಳೆಯ ಮಾದರಿ ಯಾವುದನ್ನೇ ಕೊಂಡರೂ ಲಕೋಟೆಯ ಮೇಲಿನ ಸೈಜಿನ ಸಂಖ್ಯೆಯನ್ನು ನಂಬದೆ ಇಂಚುಗಳನ್ನು ನೋಡಿ. ಈಗಿನ 12ನೇ ಸೈಜು 34 ಇಂಚು ಎದೆಗೆ ಹೊಂದುತ್ತದೆ. ಐವತ್ತರ ದಶಕದ 12 ಅದಕ್ಕಿಂತ ಸಾಕಷ್ಟು ಚಿಕ್ಕದು.

ಕರಿಕೋಟು:

ಕಾನೂನಿನ ಪ್ರಶ್ನೆಗೆ ಚುಟುಕಾಗಿ ಉತ್ತರಿಸುತ್ತೇನೆ. ಭಾರತದಲ್ಲಿ ಉಡುಪಿನ ವಿನ್ಯಾಸಕ್ಕೆ ರಕ್ಷಣೆ ಮುಖ್ಯವಾಗಿ 2000ದ ವಿನ್ಯಾಸ ಕಾಯ್ದೆಯಡಿ, ನೋಂದಣಿಯಾಗಿದ್ದರೆ ಮಾತ್ರ ದೊರೆಯುತ್ತದೆ. ಆ ಕಾಯ್ದೆ ತಡೆಯುವುದು ಮಾರಾಟದ ಉದ್ದೇಶದ ನಕಲನ್ನು. ನಿಮಗಾಗಿ ಒಂದು ಫ್ರಾಕು ಹೊಲಿದುಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ನಾಳೆ ಇದನ್ನೇ ಹತ್ತಾರು ಹೊಲಿದು ಮಾರುವ ಯೋಚನೆ ಬಂದರೆ, ವಿಶೇಷವಾಗಿ ಯಾರದಾದರೂ ಸ್ವಂತ ಚಿತ್ರವಿರುವ ಪ್ರಿಂಟ್ ಬಟ್ಟೆಯನ್ನು ಹೋಲುವಂತೆ ಮುದ್ರಿಸಿಕೊಳ್ಳುವುದಿದ್ದರೆ, ಆಗ ವಿಚಾರಿಸಿ ಮುಂದುವರಿಯಿರಿ. ಚುಕ್ಕಿ ಯಾರೊಬ್ಬರ ಸೊತ್ತೂ ಅಲ್ಲ.

ಶಿವಮೊಗ್ಗದ ಸೂಜಿ:

ಎಲ್ಲರಿಗೂ ಧನ್ಯವಾದಗಳು. ಫ್ರಾಕಿನ ಅಂಚು ಅಳೆದೆ. 112 ಇಂಚು ಬಂತು, ಬಾಬಿನ್ ಅವರ ಅಂದಾಜು ಸರಿಯಾಗಿದೆ. ಇನ್ನೊಂದು ಸಂದೇಹವಿದೆ, ಅಕ್ಕ. ಬಟ್ಟೆ ಯಾವುದು ಒಳ್ಳೆಯದು? ಮಲ್ ಬಟ್ಟೆ ಮೆತ್ತಗಿರುತ್ತದೆಂದು ಅದನ್ನೇ ಯೋಚಿಸಿದ್ದೆ. ಬಳ್ಳಿಯ ಪ್ರಿಂಟ್ ಇರುವುದೊಂದು ಮನಸ್ಸಿಗೂ ಹಿಡಿಸಿದೆ. ಲಂಗಕ್ಕೂ ಲೈನಿಂಗ್ ಬೇಕೇ?

ಹಳೆಯ ಟೇಪು:

ಮಲ್ ಬೇಡ ತಂಗಿ, ಅದು ಕಾಲಿಗೆ ಅಂಟಿಕೊಂಡು ಇಳಿಬೀಳುತ್ತದೆ, ಈ ಲಂಗಕ್ಕೆ ಬೇಕಾದದ್ದು ಸ್ವಲ್ಪ ಸೆಟೆದು ನಿಲ್ಲುವ ಬಟ್ಟೆ. ಪಾಪ್ಲಿನ್ ತನ್ನಿ. ಬಳ್ಳಿಯ ಪ್ರಿಂಟ್ ಮೇಲ್ಮುಖವಾಗಿ ಹಬ್ಬಿದ್ದಾದರೆ ವೃತ್ತದ ಲಂಗದಲ್ಲಿ ಒಂದು ಕಡೆ ನೆಟ್ಟಗೆ, ಒಂದು ಕಡೆ ಮಲಗಿ, ಇನ್ನೊಂದು ಕಡೆ ತಲೆಕೆಳಗಾಗಿ ಬರುತ್ತದೆ. ಚುಕ್ಕಿ ಅಥವಾ ಎಲ್ಲ ದಿಕ್ಕಿಗೂ ಚೆಲ್ಲಿದಂಥ ಸಣ್ಣ ಹೂವಾದರೆ ಈ ತೊಂದರೆಯಿಲ್ಲ. ಬಳ್ಳಿಯೇ ಬೇಕೆಂದರೆ ವೃತ್ತವನ್ನು ಬಿಟ್ಟು ನೇರ ಬಟ್ಟೆಯನ್ನು ಸೊಂಟದಲ್ಲಿ ನೆರಿಗೆ ಹಿಡಿದು ಹೊಲಿಯಿರಿ, ಅದೂ ಆ ಕಾಲದ್ದೇ ಮಾದರಿ.

ಲೈನಿಂಗ್ ಮೇಲ್ಭಾಗಕ್ಕೆ ಮಾತ್ರ ಸಾಕು. ಲಂಗದ ಹರವಿಗೆ ಒಳಗೊಂದು ಬೇರೆ ಹತ್ತಿಯ ಪೆಟಿಕೋಟು ಹೊಲಿದು, ಮೊಣಕಾಲಿನ ಕೆಳಗೆ ಎರಡು ಸುತ್ತು ಫ್ರಿಲ್ ಕೂರಿಸಿ, ಅದಕ್ಕೆ ಗಟ್ಟಿಯಾಗಿ ಗಂಜಿ ಹಾಕಿ ಒಣಗಿಸಿ. ಆ ಕಾಲದಲ್ಲಿಯೂ ಪೆಟಿಕೋಟುಗಳನ್ನು ಹಾಗೆಯೇ ಗಡುಸು ಮಾಡುತ್ತಿದ್ದರು. ಕ್ಯಾನ್‌ಕ್ಯಾನಿನಂತೆ ಅದು ಚುಚ್ಚುವುದಿಲ್ಲ, ಬಸ್ಸಿನಲ್ಲಿ ಕೂರಲೂ ಬರುತ್ತದೆ. ಫ್ರಾಕಿಗೆ ಮಾತ್ರ ತೆಳುವಾಗಿ ಗಂಜಿ ಹಾಕಿ, ಕಡುನೀಲಿಯ ಮೇಲೆ ಗಂಜಿಯ ಬಿಳಿ ಕಲೆ ಎದ್ದು ಕಾಣುತ್ತದೆ. ಇಸ್ತ್ರಿಯನ್ನು ಒಳಮಗ್ಗುಲಿನಿಂದಲೇ ಹಾಕಿ.