ಅಜ್ಜಿ ಟ್ರಂಕಲ್ಲಿ ಸಿಕ್ಕಿದ ಮೆಡಲ್, ಇದು ಹೈಫಾ ಯುದ್ಧದ್ದಾ?

ಪ್ರಶ್ನೆ: ಸರ್ ನಮಸ್ತೆ, ನಾವು ಮುನಿರೆಡ್ಡಿಪಾಳ್ಯದವ್ರು. ಅಜ್ಜಿ ಟ್ರಂಕಲ್ಲಿ ಒಂದು ಬೆಳ್ಳಿ ಮೆಡಲ್ ಸಿಕ್ತು, ಒಂದ್ಕಡೆ ರಾಜನ ತಲೆ, ಇನ್ನೊಂದ್ಕಡೆ ಕುದುರೆ ಮೇಲೆ ಬಟ್ಟೆ ಇಲ್ದಿರೋ ಗಂಡಸು, 1914, 1918 ಅಂತಿದೆ. ಮುತ್ತಾತ ಮೈಸೂರ್ ಮಹಾರಾಜರ ಕುದುರೆ ಪಡೆ ಮೈಸೂರ್ ಲ್ಯಾನ್ಸರ್ಸ್‌ನಲ್ಲಿ ದೊಡ್ಡ ಆಫೀಸರ್ ಆಗಿದ್ರಂತೆ, ಈಗ ಇಸ್ರೇಲ್‌ನಲ್ಲಿರೋ ಹೈಫಾ ಊರು ಗೆದ್ದಿದ್ಕೆ ಕೊಟ್ಟಿದ್ದಂತೆ. ಬೆಳ್ಳಿ ಅಂಗಡಿಯವ್ನು ತೂಕದ ರೇಟ್ ಹೇಳ್ದ. ತುಂಬಾ ಕಪ್ಪಾಗಿದೆ, ಹುಣಸೆಹಣ್ಣು ಹಾಕಿ ಉಜ್ಜಬಹುದಾ?

ಉತ್ತರ: ಅಯ್ಯೋ ಉಜ್ಜಬೇಡಿ! ಅಂಚಲ್ಲಿ ನಂಬರ್, ರ‍್ಯಾಂಕ್, ಹೆಸ್ರು, ರೆಜಿಮೆಂಟ್ ಸಣ್ಣದಾಗಿ ಒತ್ತಿರ್ತಾರೆ, ಉಜ್ಜಿ ಉಜ್ಜಿ ಅದು ಸವೆದೋದ್ರೆ ಆಮೇಲೆ ಅಂಗಡಿಯವ್ನು ಹೇಳಿದ ತೂಕದ ರೇಟೇ ಗತಿ. ಇದು ಬ್ರಿಟಿಷ್ ವಾರ್ ಮೆಡಲ್, ರಾಜ ಐದನೇ ಜಾರ್ಜ್. ಹೈಫಾಗೇ ಅಂತ ಕೊಟ್ಟಿದ್ದಲ್ಲ, ಮೊದಲ ಮಹಾಯುದ್ಧದಲ್ಲಿ ಸೇವೆ ಮಾಡಿದ ಲಕ್ಷಗಟ್ಟಲೆ ಜನಕ್ಕೆ ಕೊಟ್ರು. ಹಾಗಂತ ನಿಮ್ಮನೆ ಕಥೆ ಸುಳ್ಳು ಅಂತ ಹೇಳ್ತಿಲ್ಲ, ಲ್ಯಾನ್ಸರ್ಸ್ 1915ರಲ್ಲಿ ಸೂಯೆಜ್ ಕಾಲುವೆ ಕಾದ್ರು, 1918ರ ಸೆಪ್ಟೆಂಬರ್ 23ಕ್ಕೆ ಹೈಫಾದಲ್ಲಿ ಜೋಧಪುರದವ್ರು ಊರಿನ ಕಡೆ ನುಗ್ಗಿದ್ರೆ ನಮ್ಮವ್ರು ಕಾರ್ಮೆಲ್ ಗುಡ್ಡದ ಮೇಲಿನ ಫಿರಂಗಿ ಹಿಡಿದ್ರು, ಅದೂ ಭರ್ಜಿ ಹಿಡ್ಕೊಂಡು, ಎದುರಿಗೆ ಮೆಷಿನ್ ಗನ್! ಇದರ ಜೊತೆ ಕಂಚಿನ ವಿಕ್ಟರಿ ಮೆಡಲ್ಲೂ ಬಂದಿರ್ಬೇಕು, ರಿಬ್ಬನ್ ಕಾಮನಬಿಲ್ಲಿನ ಬಣ್ಣ, ಟ್ರಂಕ್ ಇನ್ನೊಂದ್ಸಲ ನೋಡಿ. ಹಿತ್ತಾಳೆ ಅನ್ಕೊಂಡು ಹಳೇ ಪಾತ್ರೆ ಜೊತೆ ಕೊಟ್ಟುಬಿಟ್ಟಿರ್ತಾರೆ, ಎಷ್ಟೋ ಮನೇಲಿ ಇದೇ ಕಥೆ. ಈಗ ಅಂಚಿಗೆ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಏನಿದೆ ಓದಿ ಹೇಳಿ.

ಪ್ರಶ್ನೆ: ಸರ್ ಹೆಸ್ರು ಮುತ್ತಾತಂದೇ, ಮೈಸೂರ್ ಅಂತಾನೂ ಇದೆ, ಆದ್ರೆ ರ‍್ಯಾಂಕ್ 'ಸವಾರ್' ಅಂತಿದೆ. ಆಫೀಸರ್ ಅಲ್ವಾ? ನಮ್ಮಪ್ಪಂಗೆ ಹೇಗ್ ಹೇಳೋದು 😅

ಉತ್ತರ: ಸವಾರ್ ಅಂದ್ರೆ ಸಾಮಾನ್ಯ ಕುದುರೆ ಸಿಪಾಯಿ. ಅಪ್ಪಾವ್ರಿಗೆ ಹೇಳಿ, ಭರ್ಜಿ ಹಿಡಿದು ಗುಡ್ಡ ಹತ್ತಿದವ್ರಲ್ಲಿ ಜಾಸ್ತಿ ಜನ ಸವಾರ್‌ಗಳೇ. ಹೈಫಾದಲ್ಲಿ ಇವ್ರು ಇದ್ರಾ ಅನ್ನೋದು ಮೆಡಲ್ ಹೇಳಲ್ಲ, ಆ ನಂಬರ್ ಬರ್ಕೊಂಡು ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸಂಸ್ಥಾನದ ಮಿಲಿಟರಿ ಕಡತ ಕೇಳಿ ನೋಡಿ. ನಿಮ್ಮನೆ ಹತ್ರಾನೇ ಇರೋ ಲ್ಯಾನ್ಸರ್ಸ್ ಸ್ಮಾರಕದಲ್ಲಿ ಹುಡುಕಬೇಡಿ, ಅಲ್ಲಿರೋದು ಸತ್ತವರ ಹೆಸ್ರು, ನಿಮ್ಮ ಮುತ್ತಾತ ವಾಪಸ್ ಬಂದವ್ರಲ್ವಾ. ರಿಬ್ಬನ್ ಹರಿದಿದ್ರೂ ಬಿಸಾಕಬೇಡಿ, ಪ್ಲಾಸ್ಟಿಕ್ ಕವರಲ್ಲೂ ಇಡಬೇಡಿ, ಹಳೇ ಕಾಟನ್ ಪಂಚೆ ತುಂಡಲ್ಲಿ ಸುತ್ತಿಡಿ ಸಾಕು.